ಮೂರು ಬೆಳಕಿನಲ್ಲಿ ಒಂದು ಗೇಟು

ಅಜ್ಜಿಯ ಕಥೆಗಳಲ್ಲಿ ಕೆಲಸ ಹುಡುಕುವುದು ಬಹಳ ಸುಲಭ. ರಾಜಕುಮಾರ ಬುತ್ತಿ ಕಟ್ಟಿಕೊಂಡು ಹೊರಡುತ್ತಾನೆ, ದಾರಿಯಲ್ಲಿ ಒಂದು ಇರುವೆಯನ್ನು ನೀರಿನಿಂದ ಎತ್ತಿ ದಡಕ್ಕೆ ಬಿಡುತ್ತಾನೆ, ಮೂರು ದಾರಿ ಕೂಡುವಲ್ಲಿ ಒಬ್ಬಳು ಮುದುಕಿ ಸಿಗುತ್ತಾಳೆ, ಸಂಜೆಯಾಗುವಷ್ಟರಲ್ಲಿ ಅರ್ಧ ರಾಜ್ಯ ಅವನ ಕೈಯಲ್ಲಿರುತ್ತದೆ. "ಈಗಿನ ಕೆಲಸ ಯಾಕೆ ಬಿಡ್ತಿದೀರಿ?" ಎಂದು ಅವನನ್ನು ಯಾರೂ ಕೇಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ರಾಜಕುಮಾರನಿಗೆ ಮಾಡುವುದಕ್ಕೆ ಬೇರೆ ಕೆಲಸವೇ ಇರುವುದಿಲ್ಲ.

ನನ್ನ ಅಮ್ಮನ ತೊಂದರೆ ಅದೇ ಆಗಿತ್ತು. ಹೊಸ ಕೆಲಸ ಹುಡುಕಲು ಇದ್ದ ಕೆಲಸ ಪುರುಸೊತ್ತು ಕೊಡುತ್ತಿರಲಿಲ್ಲ.

ಅಮ್ಮ ಬಣ್ಣದ ಕಾರ್ಖಾನೆಯೊಂದರಲ್ಲಿ ಬಣ್ಣ ಹೊಂದಿಸುವ ವಿಭಾಗದ ಮುಖ್ಯಸ್ಥೆ. ಯಾರಾದರೂ ಹಳೆಯ ಗೋಡೆಯ ಚಕ್ಕೆಯೊಂದನ್ನು ತಂದು "ಇದೇ ಬೇಕು" ಎಂದರೆ, ಅದೇ ಬರುವ ತನಕ ಅಮ್ಮನ ಕಡೆಯವರು ತೊಟ್ಟು ತೊಟ್ಟಾಗಿ ಕಪ್ಪು, ಹಳದಿ, ಕೆಂಪು ಬೆರೆಸುತ್ತಾರೆ. ಬೆರೆಸಿದ್ದನ್ನು ತಗಡಿನ ತುಂಡಿಗೆ ಬಳಿದು, ಒಣಗಿಸಿ, ಅಮ್ಮನ ಮುಂದಿಡುತ್ತಾರೆ. ಅಮ್ಮ ಅದನ್ನು ಮೂರು ಬೆಳಕಿನಲ್ಲಿ ನೋಡುತ್ತಾಳೆ: ಕಿಟಕಿಯ ಬಿಸಿಲಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಹಳದಿ ಬಲ್ಬಿನ ಕೆಳಗೆ. ಒಂದು ಬೆಳಕಿನಲ್ಲಿ ಅವಳಿಜವಳಿಯಂತೆ ಕಾಣುವ ಎರಡು ಬಣ್ಣಗಳು ಇನ್ನೊಂದರಲ್ಲಿ ಪರಿಚಯವೇ ಇಲ್ಲದವರ ಹಾಗೆ ಮುಖ ತಿರುಗಿಸಿಕೊಳ್ಳುತ್ತವಂತೆ. ಮೂರರಲ್ಲೂ ಹೊಂದಿದರೆ ಮಾತ್ರ ಅಮ್ಮ "ಹೂಂ" ಅನ್ನುತ್ತಾಳೆ.

ಮನೆಯಲ್ಲೂ ಅಷ್ಟೆ. ಪರದೆಯ ಬಟ್ಟೆ ಕೊಳ್ಳಲು ಹೋದರೆ ಥಾನನ್ನು ಎತ್ತಿಕೊಂಡು ಬೀದಿಗಿಳಿದುಬಿಡುತ್ತಾಳೆ. ಅಂಗಡಿಯವನು ಅವಳ ಹಿಂದೆ, ನಾನು ಅವನ ಹಿಂದೆ. ಅಪ್ಪನನ್ನೂ ಹಾಗೆಯೇ ಮೂರು ಬೆಳಕಿನಲ್ಲಿ ನೋಡಿ ಒಪ್ಪಿಕೊಂಡಳಂತೆ. "ನೋಡಿದ್ದೇನೋ ನೋಡಿದ್ಲು. ಹಡಗಿನ ಕೆಲಸದವನು, ವರ್ಷದಲ್ಲಿ ಅರ್ಧ ನೀರಿನ ಮೇಲೇ ಇರ್ತಾನೆ ಅನ್ನೋದು ಮಾತ್ರ ಯಾವ ಬೆಳಕಲ್ಲೂ ಕಾಣ್ಲಿಲ್ಲ" ಎಂದು ಅಜ್ಜಿ ಮಗಳನ್ನು ಇಂದಿಗೂ ಛೇಡಿಸುತ್ತಾಳೆ.

ಹೀಗಿರುವಾಗ ಕಾರ್ಖಾನೆಯವರು ಅಮ್ಮನ ವಿಭಾಗವನ್ನೇ ಎತ್ತಿ, ಇಡೀ ರಾತ್ರಿ ರೈಲಿನಲ್ಲಿ ಕೂತರೆ ಸಿಗುವ ಊರೊಂದಕ್ಕೆ ಸಾಗಿಸುವುದೆಂದು ತೀರ್ಮಾನಿಸಿದರು. ಬರುತ್ತೀರೋ ಇಲ್ಲವೋ, ತಿಂಗಳ ಕೊನೆಯ ಸೋಮವಾರ ಹೇಳಿ ಎಂದರು. ಹೋದರೆ ಮನೆ ಎರಡಾಗುತ್ತದೆ. ನನ್ನ ಕೆಲಸ ಇಲ್ಲಿಯ ಮಕ್ಕಳ ಗ್ರಂಥಾಲಯದಲ್ಲಿ. ಅಜ್ಜಿಯ ಗೆಳತಿಯರು, ಮಂಡಿನೋವಿನ ಡಾಕ್ಟರು, ಬೀದಿ ಕಾಣುವ ಕಿಟಕಿ ಎಲ್ಲವೂ ಇಲ್ಲಿ. "ಗಿಡ ಆದ್ರೆ ಕುಂಡದ ಸಮೇತ ಹೊತ್ಕೊಂಡು ಹೋಗ್ಬಹುದು. ಕಿಟಕೀನ ಹೇಗೆ ಹೊರ್ತೀಯಾ?" ಎಂದು ಅಜ್ಜಿ ಕೇಳಿದಳು. ಹೋಗದಿದ್ದರೆ ಕೆಲಸವಿಲ್ಲ. ಕೆಲಸವಿಲ್ಲದ ಅಮ್ಮ ಹೇಗಿರುತ್ತಾಳೆಂದು ನಮಗೆ ಗೊತ್ತಿತ್ತು. ಒಮ್ಮೆ ಜ್ವರ ಬಂದು ಮನೆಯಲ್ಲಿ ಉಳಿದಾಗ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಒಳಗಿದ್ದುದರ ಬಣ್ಣದ ಪ್ರಕಾರ ಜೋಡಿಸಿಬಿಟ್ಟಿದ್ದಳು. ಉಪ್ಪು, ಸಕ್ಕರೆ, ಸೋಡಾ ಸಾಲಾಗಿ ಕೂತವು. ಆ ವಾರ ಮಾವ ನಮ್ಮ ಮನೆಯಲ್ಲಿ ಕುಡಿದ ಚಹಾವನ್ನು ಅವನಿನ್ನೂ ಮರೆತಿಲ್ಲ.

ಮಾವ ಎಂದರೆ ಅಮ್ಮನ ತಮ್ಮ, ವಿಮೆ ಮಾರುವವನು. ಸುದ್ದಿ ಕೇಳಿದ್ದೇ ತಡ, ಭಾನುವಾರ ಬೆಳಗ್ಗೆ ಬಂದು ಕುರ್ಚಿ ಎಳೆದುಕೊಂಡು ಕೂತ.

"ಅಕ್ಕಾ, ಸುಲಭ ಇದೆ. ಊರಲ್ಲಿರೋ ಕಂಪನಿಗಳಿಗೆಲ್ಲ ಒಂದೇ ಏಟಿಗೆ ಅರ್ಜಿ ಕಳ್ಸಿಬಿಡು. ಯಾವುದಾದ್ರೂ ಒಂದು ಕಚ್ಚತ್ತೆ."

"ಸಿಕ್ಕಿದ ಗೋಡೆಗೆಲ್ಲ ಬಣ್ಣ ಎರಚೋಕೆ ನಾನೇನು ಮಂಗನಾ?" ಎಂದಳು ಅಮ್ಮ. ಅಷ್ಟು ಹೊತ್ತಿಗೆ ಅವಳ ಫೋನು ಎರಡನೆಯ ಸಲ ಹೊಡೆದುಕೊಂಡಿತ್ತು. ಯಾವುದೋ ಆಸ್ಪತ್ರೆಯ ಹಸಿರು ಹಳದಿಗೆ ತಿರುಗುತ್ತಿದೆಯಂತೆ.

ನಿಜ ಹೇಳಬೇಕೆಂದರೆ ಅಮ್ಮ ಆಗಲೇ ಹುಡುಕಲು ತೊಡಗಿದ್ದಳು. ಕೆಲಸದಿಂದ ಬಂದು, ಊಟ ಮುಗಿಸಿ, ಲ್ಯಾಪ್‌ಟಾಪ್ ತೆರೆಯುವಳು. ಮೊದಲ ಪುಟ ಬರುವ ಮೊದಲೇ ತೂಕಡಿಸುವಳು. ಒಂದು ದಿನ ಹಾಗೆ ತೂಕಡಿಸುತ್ತಲೇ ಮೀನಿನ ಬಲೆ ಮಾರುವ ಕಂಪನಿಯ ಚಾಲಕನ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಅವರು ಪಾಪ, ಮರ್ಯಾದೆಯಿಂದ ಉತ್ತರ ಬರೆದಿದ್ದರು.

"ನೋಡು ಮಗಳೇ" ಎಂದಳು ಅಜ್ಜಿ, ಬಟಾಣಿ ಸುಲಿಯುತ್ತ. "ಹಗಲೆಲ್ಲ ದುಡಿದು ಸುಸ್ತಾದ ಎತ್ತನ್ನ ಸಂಜೆ ಓಟಕ್ಕೆ ಬಿಟ್ರೆ ಅದು ಓಡತ್ತಾ? ನಿನ್ನ ತಲೆ ಯಾವಾಗ ಚುರುಕಾಗಿರತ್ತೋ ಆವಾಗ ಹುಡುಕು. ಕಚೇರಿಗೆ ಕೊಡೋ ಒಳ್ಳೇ ಹೊತ್ತಲ್ಲಿ ನಿನಗೂ ಒಂಚೂರು ಎತ್ತಿಟ್ಕೋ."

ಅಮ್ಮ ಫೋನನ್ನು ಮಗುಚಿ ಇಟ್ಟಳು. ಆ ಫೋನು ಹಾಗೆ ಬೋರಲು ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನದಿಂದ ಬೆಳಗಿನ ಚಹಾ ಮತ್ತು ಕಾರಿನ ನಡುವಿನ ಹೊತ್ತು ಅಮ್ಮನದಾಯಿತು. ಅಜ್ಜಿ ಎದುರಿಗೆ ಕಾವಲು ಕೂತಳು. ಬರವಣಿಗೆ ನನ್ನ ಪಾಲಿಗೆ ಬಂತು. ಅಮ್ಮನ ಪರಿಚಯವನ್ನು ನಾನು "ಬಣ್ಣಗಳ ರಾಜ್ಯದಲ್ಲಿ ಒಬ್ಬಳು ಮಂತ್ರಿಣಿ" ಎಂದು ಶುರುಮಾಡಿದ್ದೆ. ನನಗದು ಬಹಳ ಚೆನ್ನಾಗಿ ಕಂಡಿತ್ತು. ಅಮ್ಮ ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಒಂದೇ ಗೀಟು ಎಳೆದಳು. ಅವಳೇ ಬರೆದುಕೊಂಡದ್ದರಲ್ಲಿ ಬರೀ ಹುದ್ದೆಗಳಿದ್ದವು: ಸಹಾಯಕಿ, ಮೇಲ್ವಿಚಾರಕಿ, ಮುಖ್ಯಸ್ಥೆ.

"ಇದೇನಿದು, ಮೆಟ್ಟಿಲು ಲೆಕ್ಕ ಹಾಕಿದ ಹಾಗಿದೆ" ಎಂದಳು ಅಜ್ಜಿ. "ಮೆಟ್ಟಿಲು ಹತ್ತಿ ಏನು ಮಾಡ್ದೆ, ಅದು ಹೇಳು."

ಅಮ್ಮ ಶಾಲಾ ಬಸ್ಸುಗಳ ಕಥೆ ಹೇಳಿದಳು. ಒಂದೇ ಶಾಲೆಯ ಬಸ್ಸುಗಳು ಬಿಸಿಲಿಗೆ ನಿಂತು ನಿಂತು ಒಂದೊಂದು ಒಂದೊಂದು ಹಳದಿಯಾಗಿ, ಮಕ್ಕಳು ಪಕ್ಕದ ಶಾಲೆಯ ಬಸ್ಸು ಹತ್ತಿ ಹೋಗುತ್ತಿದ್ದರಂತೆ. ಬಿಸಿಲಿಗೆ ಬಗ್ಗದ ಹಳದಿಯೊಂದನ್ನು ಅಮ್ಮ ಮಾಡಿಕೊಟ್ಟಮೇಲೆ ಅದು ನಿಂತಿತು. ಇಂಥವು ಇನ್ನೂ ಒಂದೆರಡಿದ್ದವು. ಅಷ್ಟನ್ನೇ ಬರೆದೆವು. ಒಂದೇ ಪುಟವಾಯಿತು.

"ಇದನ್ನ ಯಾರಿಗೆ ಕಳ್ಸೋದು?" ಎಂದೆ.

"ಗುರುತಿಲ್ಲದವರಿಗಲ್ಲ. ನನ್ನ ಕೆಲಸ ಕಣ್ಣಾರೆ ಕಂಡವರಿಗೆ" ಎಂದಳು ಅಮ್ಮ. ದಿನಕ್ಕೊಬ್ಬರಂತೆ ಹಳಬರಿಗೆ ಫೋನು ಮಾಡತೊಡಗಿದಳು. ಕೆಲವರು ಖುಷಿಪಟ್ಟರು, ಕೆಲವರು ತಮಗೇ ಎಲ್ಲಾದರೂ ಕೆಲಸವಿದೆಯೇ ಎಂದು ಕೇಳಿದರು. ಕೊನೆಗೆ ಅವಳ ಹಳೆಯ ಶಿಷ್ಯೆ ಸಿಕ್ಕಳು. ಅವಳೀಗ ಊರಾಚೆಯ ಸೈಕಲ್ ಕಾರ್ಖಾನೆಯಲ್ಲಿ ಬಣ್ಣದ ವಿಭಾಗದಲ್ಲಿದ್ದಳು.

"ಮೇಡಂ, ನಮ್ಮ ವಿಭಾಗದ ಮುಖ್ಯಸ್ಥರು ನಿವೃತ್ತಿ ಆಗ್ತಿದಾರೆ. ಇನ್ನೂ ಹೊರಗೆ ಹೇಳಿಲ್ಲ. ನಿಮ್ಮ ಪುಟ ಕಳ್ಸಿ, ನಮ್ಮ ಬೆಲ್ ಸಾಹೇಬ್ರಿಗೆ ಕೊಡ್ತೀನಿ." ಬೆಲ್ ಸಾಹೇಬರು ಎಂದರೆ ಕಾರ್ಖಾನೆಯ ಯಜಮಾನರು. ಯಾರನ್ನಾದರೂ ಕರೆಯಬೇಕಾದರೆ ಮೇಜಿಗೆ ಸಿಕ್ಕಿಸಿದ ಸೈಕಲ್ ಬೆಲ್ಲನ್ನು ಟ್ರಿಣ್ ಎನ್ನಿಸುತ್ತಾರಂತೆ.

ಬೇರೆ ಯಾರಾದರೂ ಆಗಿದ್ದರೆ ಪುಟವನ್ನು ತಕ್ಷಣ ಕಳಿಸುತ್ತಿದ್ದರು. ಅಮ್ಮ ಕಳಿಸಲಿಲ್ಲ.

"ಮೊದಲು ನಾನು ಅವರನ್ನ ನೋಡ್ಬೇಕು. ಮೂರು ಬೆಳಕಲ್ಲಿ."

"ಕಂಪನಿ ಏನು ತಗಡಿನ ತುಂಡಾ ಅಮ್ಮಾ?"

"ಒಳಗೆ ಕರೆದು ಕೂರಿಸಿದಾಗ ಎಲ್ಲರೂ ಚಂದ ಕಾಣ್ತಾರೆ ಕಣೇ. ಬೆಳಗ್ಗೆ ಒಳಗೆ ಹೋಗುವಾಗ, ಮಧ್ಯಾಹ್ನ ಊಟಕ್ಕೆ ಕೂತಾಗ, ಸಂಜೆ ಮನೆಗೆ ಹೊರಟಾಗ ಅಲ್ಲಿಯ ಜನರ ಮುಖ ಹೇಗಿರತ್ತೆ? ಗೇಟಿನ ಹೊರಗೆ ನಿಂತು ನೋಡಿದ್ರೆ ಸಾಕು. ಅಲ್ಲಿ ಇರೋ ಬಣ್ಣ ಕಾಣತ್ತೆ."

ಗುರುವಾರ ಬೆಳಗ್ಗೆ ಅಮ್ಮ ತನ್ನ ಕಚೇರಿಗೆ ಹೋಗುವ ದಾರಿ ತಪ್ಪಿಸಿ ಸೈಕಲ್ ಕಾರ್ಖಾನೆಯ ಎದುರು ಕಾರು ನಿಲ್ಲಿಸಿದಳು. ಅಲ್ಲಿಂದಲೇ ನನಗೆ ಫೋನು ಮಾಡಿ ಪಿಸುಗುಟ್ಟಿದಳು. ಗೇಟಿನ ಎರಡೂ ಬಾಗಿಲು ಹಳೇ ನೀಲಿ, ಎಡಗಡೆಯದು ತುಕ್ಕು. ಕಾವಲುಗಾರ ಹಾಡಿಕೊಳ್ಳುತ್ತಿದ್ದಾನೆ. ತಡವಾಗಿ ಬಂದವನೊಬ್ಬನಿಗೆ "ಬಾರಪ್ಪಾ ಅಳಿಯದೇವರೇ, ಮೇಳ ತರಿಸ್ಲಾ?" ಎಂದು ಬಾಗಿಲು ತೆಗೆದ. ಪ್ಯಾಂಟಿಗೆ ಕ್ಲಿಪ್ಪು ಹಾಕಿಕೊಂಡ ಉದ್ದನೆಯ ಮನುಷ್ಯರೊಬ್ಬರು ಸೈಕಲ್ಲಿನಲ್ಲಿ ಬಂದು, ಬಿದ್ದಿದ್ದ ಇನ್ಯಾರದೋ ಸೈಕಲ್ಲನ್ನು ಎತ್ತಿ ನಿಲ್ಲಿಸಿ, ಅದೇ ಗೇಟಿನಲ್ಲಿ ಒಳಗೆ ಹೋದರು. "ಅವರೇ ಯಜಮಾನರು ಅಂತ ಕಾಣತ್ತೆ" ಎಂದಳು. ಅವಳ ದನಿಯಲ್ಲಿ ಬಹಳ ದಿನಗಳಿಂದ ನಾನು ಕೇಳದಿದ್ದ ಲವಲವಿಕೆಯಿತ್ತು.

ಆದರೆ ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ಹಸಿರು ಪೂರ್ತಿ ಕೈಕೊಟ್ಟಿತು. ಅಮ್ಮ ಮೀಟಿಂಗಿನಲ್ಲಿ ಸಿಕ್ಕಿಬಿದ್ದಳು. "ಮಧ್ಯಾಹ್ನದ ಬೆಳಕು ನೀವಿಬ್ಬರೂ ನೋಡ್ಕೊಂಡು ಬನ್ನಿ. ಸುಮ್ಮನೆ ಕೂತು ನೋಡಿ, ಯಾರ ಹತ್ರಾನೂ ಮಾತಾಡ್ಬೇಡಿ. ಕೆಲಸ ಹುಡುಕ್ತಿರೋದು ಇಲ್ಲಿ ಯಾರ ಕಿವಿಗೂ ಬೀಳ್ಬಾರ್ದು" ಎಂದು ಆಜ್ಞೆಯಾಯಿತು.

ನನಗೆ ಗ್ರಂಥಾಲಯದಲ್ಲಿ ಊಟದ ಬಿಡುವು. ಅಜ್ಜಿ ತನ್ನ ಒಳ್ಳೆಯ ಶಾಲು ಹೊದ್ದು, ಬೆಳ್ಳಿ ಹಿಡಿಯ ಕೋಲು ಹಿಡಿದು, ಕಪ್ಪು ಕನ್ನಡಕ ಹಾಕಿ ಹೊರಟಳು. ಕಣ್ಣಿನ ಆಪರೇಷನ್ ಆದಮೇಲೆ ಡಾಕ್ಟರು ಕೊಟ್ಟ ಕನ್ನಡಕ ಅದು. ಗೇಟಿನ ಎದುರಿನ ಚಹಾದಂಗಡಿಯ ಬೆಂಚಿನಲ್ಲಿ ಅವಳು ಬೆನ್ನು ನೆಟ್ಟಗೆ ಮಾಡಿ ಕೂತ ಭಂಗಿ ನೋಡಿದರೆ ನನಗೇ ಎದ್ದು ನಿಲ್ಲಬೇಕೆನಿಸಿತು.

ಒಳಗೆ ಅಂಗಳದ ಮರದ ಕೆಳಗೆ ಊಟ ನಡೆಯುತ್ತಿತ್ತು. ಡಬ್ಬಿಗಳು ಕೈಯಿಂದ ಕೈಗೆ ಓಡಾಡುತ್ತಿದ್ದವು. ಒಬ್ಬಳು ಹುಡುಗಿ ನಡುವೆ ಎದ್ದುನಿಂತು, ಕ್ಲಿಪ್ಪಿನ ಸಾಹೇಬರಿಗೆ ಚಮಚ ಅಲ್ಲಾಡಿಸಿ ಏನೋ ಗದರಿಸುತ್ತಿದ್ದಳು. ಅವರು ತಲೆ ಕೆರೆದುಕೊಂಡು, ನಕ್ಕು, ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡರು.

"ಪುಟ್ಟೀ, ಇದನ್ನ ನಿಮ್ಮಮ್ಮನಿಗೆ ಹೇಳ್ಬೇಕು" ಎಂದಳು ಅಜ್ಜಿ. "ಇಲ್ಲಿಯ ಜನರಿಗೆ ನಾಲಿಗೆ ಇದೆ. ಯಜಮಾನನಿಗೆ ಕಿವಿ ಇದೆ."

ಅಷ್ಟರಲ್ಲಿ ಕಾವಲುಗಾರ ರಸ್ತೆ ದಾಟಿ ಬಂದ. ಬೆಳಗ್ಗೆ ಒಬ್ಬರು ಕಾರಿನಲ್ಲಿ ಕೂತು ಗೇಟು ನೋಡಿದ್ದನ್ನು ಅವನು ಗಮನಿಸಿದ್ದನಂತೆ. ಈಗ ನಾವಿಬ್ಬರು.

"ಅಮ್ಮಾ, ತಾವು... ಎಲ್ಲಿಂದ ಬಂದ್ರಿ?"

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ದೂರದಿಂದ."

"ಯಾವ ಇಲಾಖೆ ಅಂತ ಗೊತ್ತಾಗ್ಲಿಲ್ಲ."

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಕೋಲನ್ನು ನೆಲಕ್ಕೆ ಮೆಲ್ಲನೆ ಕುಟ್ಟಿದಳು. "ಸಮಯ ಬಂದಾಗ ತಾನಾಗೇ ಗೊತ್ತಾಗತ್ತಪ್ಪಾ. ಸಂಜೆ ಇನ್ನೊಂದ್ಸಲ ಬರ್ತೀವಿ."

ಕಾವಲುಗಾರನ ಮುಖದ ಬಣ್ಣ ಮೂರು ಸಲ ಬದಲಾಯಿತು. ಬಂದದ್ದಕ್ಕಿಂತ ಬೇಗ ರಸ್ತೆ ದಾಟಿ ಹೋದ.

"ಅಜ್ಜೀ, ಏನಿದು!"

"ನಾನೇನು ಸುಳ್ಳು ಹೇಳಿದ್ನಾ? ಕೆಲಸದ ವಿಷಯ ಯಾರಿಗೂ ಹೇಳ್ಬಾರ್ದು ಅಂದ್ಲು ನಿಮ್ಮಮ್ಮ. ಬಾಯಿ ಬಿಟ್ರೆ ಬಣ್ಣಗೇಡು. ಮಾರುವೇಷದ ರಾಜ ಯಾವತ್ತಾದ್ರೂ ನಾನು ರಾಜ ಅಂತ ಹೇಳಿದ್ದು ಕೇಳಿದೀಯಾ?"

ಕೇಳಿರಲಿಲ್ಲ. ಅದೇ ಕಥೆಗಳಲ್ಲಿ ಬೆಳೆದ ನನಗೂ ಆ ಕ್ಷಣ ಅದು ಸರಿಯೆಂದೇ ಕಂಡಿತು.

ಸಂಜೆ ಅಮ್ಮ ನಮ್ಮನ್ನು ಕರೆದುಕೊಂಡು ಹೋದಾಗ ಗೇಟಿನ ಟ್ಯೂಬ್‌ಲೈಟುಗಳು ಆಗಷ್ಟೇ ಹತ್ತಿಕೊಂಡಿದ್ದವು. ಅಮ್ಮ ಕಾರು ನಿಲ್ಲಿಸಿದವಳು ಇಳಿಯದೆ ಹಾಗೇ ಕೂತಳು.

"ಇದು ಬೆಳಗ್ಗೆ ನಾನು ನೋಡಿದ ಕಾರ್ಖಾನೆ ಅಲ್ಲ."

ತುಕ್ಕು ಹಿಡಿದಿದ್ದ ಎಡಬಾಗಿಲು ಹೊಚ್ಚಹೊಸ ನೀಲಿಯಲ್ಲಿ ಮಿರಮಿರ ಮಿಂಚುತ್ತಿತ್ತು. ಎರಡೂ ಕಡೆ ಹೂವಿನ ಕುಂಡಗಳ ಸಾಲು. ಕೆಲಸದವರು ಇಸ್ತ್ರಿ ಮಾಡಿದ ಟೊಪ್ಪಿ ತೊಟ್ಟು ಸಾಲಾಗಿ, ಮಾತಿಲ್ಲದೆ, ಗೊಂಬೆಗಳಂತೆ ಹೊರಗೆ ಬರುತ್ತಿದ್ದರು. ಹಾಡುತ್ತಿದ್ದ ಕಾವಲುಗಾರ ನಮಗೆ ಕಾಲು ಅಪ್ಪಳಿಸಿ ಸಲಾಮು ಹೊಡೆದ. ಅಮ್ಮ ಇಳಿದು ಹೋಗಿ ಎಡಬಾಗಿಲನ್ನು ಮುಟ್ಟಿದಳು. ಬೆರಳಿಗೆ ನೀಲಿ ಹತ್ತಿತು.

"ಅಮ್ಮಾ" ಎಂದಳು ಅಜ್ಜಿಯ ಕಡೆ ತಿರುಗಿ, ಮೆಲ್ಲಗೆ. "ಮಧ್ಯಾಹ್ನ ಏನು ಮಾಡ್ದೆ?"

ಅಜ್ಜಿ ಕುಂಡದ ಹೂವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

ಉತ್ತರ ಬರುವ ಮೊದಲು ಬೆಲ್ ಸಾಹೇಬರೇ ಬಂದರು, ಕೈಯಲ್ಲಿ ಹೂಗುಚ್ಛ, ಪ್ಯಾಂಟಿನ ಕ್ಲಿಪ್ಪು ಮಾಯ. ಹಿಂದೆಯೇ ಕಚೇರಿಯವರು. ಅವರ ನಡುವೆ ನಿಂತಿದ್ದ ಹುಡುಗಿ, ಮಧ್ಯಾಹ್ನ ಚಮಚ ಅಲ್ಲಾಡಿಸಿದವಳೇ, "ಅಯ್ಯೋ ಮೇಡಂ, ನೀವಾ!" ಎಂದು ಕೂಗಿದಳು. ಅವಳೇ ಅಮ್ಮನ ಶಿಷ್ಯೆ.

"ನಿನಗೆ ಈ ಸರ್ಕಾರಿ ತಪಾಸಣೆಯವರು ಗೊತ್ತಾ?" ಎಂದರು ಸಾಹೇಬರು.

"ತಪಾಸಣೆ ಎಲ್ಲಿಂದ ಬಂತು ಸಾರ್? ನಾನು ಹೇಳಿರ್ಲಿಲ್ವಾ, ನನ್ನ ಗುರುಗಳು ಅಂತ, ಅವರೇ ಇವರು!"

ಅಮ್ಮ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದಳು. ಮೂರು ಬೆಳಕು, ಮೀಟಿಂಗು, ಅಜ್ಜಿ. ಸಾಹೇಬರು ನಗುತ್ತಾರೆಂದು ನಾನು ಕಾದೆ. ಕಥೆಯಲ್ಲಿ ಆಗಿದ್ದರೆ ನಗುತ್ತಿದ್ದರು. ಅವರು ಹೂಗುಚ್ಛವನ್ನು ಪಕ್ಕದವರ ಕೈಗಿಟ್ಟರು.

"ಮಧ್ಯಾಹ್ನದಿಂದ ಒಂದು ಸೈಕಲ್ಲೂ ಹೊರಗೆ ಬಂದಿಲ್ಲ ಮೇಡಂ. ಎಲ್ಲರೂ ಗುಡಿಸ್ತಾ ಒರೆಸ್ತಾ ಇದ್ರು. ನೀವು ಕೇಳಿದ್ರೆ ನಾನೇ ಒಳಗೆ ಕರ್ಕೊಂಡು ಹೋಗಿ ತೋರಿಸ್ತಿದ್ನಲ್ಲ."

"ತಪ್ಪಾಯ್ತು" ಎಂದಳು ಅಮ್ಮ.

ಕಾರಿನ ಬಾಗಿಲು ತೆರೆದಾಗ ಒಳಗಿನ ಪುಟ್ಟ ಹಳದಿ ದೀಪ ಹತ್ತಿತು. ಅಮ್ಮ ಒರೆಸಿಕೊಳ್ಳಲೆಂದು ಬೆರಳನ್ನು ಎತ್ತಿದವಳು ಹಾಗೇ ನಿಂತಳು. ಟ್ಯೂಬ್‌ಲೈಟಿನ ಕೆಳಗೆ ನೀಲಿಯಾಗಿದ್ದ ಬೆರಳು ಹಳದಿ ದೀಪದಲ್ಲಿ ನೇರಳೆ ಹಣ್ಣು ತಿಂದವರ ಬೆರಳಿನಂತಿತ್ತು. ನಾನು ಅವಳ ಅಂಗಿಯ ತೋಳು ಜಗ್ಗಿದೆ. ಬೇಡಮ್ಮಾ, ಈಗ ಬೇಡ. ಆದರೆ ಅವಳು ಆಗಲೇ ತಿರುಗಿದ್ದಳು.

"ಸಾರ್, ಒಂದು ಮಾತು. ಈ ನೀಲೀನ ಒಳಗೆ ಟ್ಯೂಬ್‌ಲೈಟಲ್ಲಿ ಬೆರೆಸಿದ್ರಿ ಅಲ್ವಾ? ಈಗ ಎರಡು ಬಾಗಿಲೂ ಒಂದೇ ಥರ ಕಾಣತ್ತೆ. ಬೆಳಗ್ಗೆ ಬಿಸಿಲು ಬಿದ್ದಾಗ ಬೇರೆ ಬೇರೆ ಆಗತ್ತೆ. ಯಾರನ್ನೂ ಬೈಬೇಡಿ, ಅವಸರದಲ್ಲಿ ಯಾರು ಮಾಡಿದ್ರೂ ಹೀಗೇ."

ಸಾಹೇಬರು ಗೇಟು ನೋಡಿದರು, ಅಮ್ಮನನ್ನು ನೋಡಿದರು, "ಒಂದೇ ಇದೆಯಲ್ಲ" ಎಂದು ಒಳಗೆ ಹೋದರು.

ಮನೆಗೆ ಬಂದಮೇಲೆ ಅಜ್ಜಿ ಕೋಲನ್ನು ಬಾಗಿಲ ಹಿಂದೆ ಇಟ್ಟು, "ಬೈಯೋದಿದ್ರೆ ಬೈದುಬಿಡೇ, ಊಟ ಆರತ್ತೆ" ಎಂದಳು.

"ನಿನ್ನನ್ನ ಯಾಕೆ ಬೈಲಿ? ಒಬ್ಬರ ಮನೆ ನೋಡ್ಬೇಕಾದ್ರೆ ಬಾಗಿಲು ತಟ್ಟಬೇಕು. ಬೇಲಿ ಸಂದಿಯಿಂದ ಇಣುಕಿದವಳು ನಾನು." ಅಮ್ಮ ನೀಲಿ ಬೆರಳನ್ನು ತಿಕ್ಕುತ್ತ ಕೂತಳು. "ಅನ್ಯಾಯ ಏನು ಗೊತ್ತಾ? ಬೆಳಗಿನ ಬಣ್ಣ, ಮಧ್ಯಾಹ್ನದ ಬಣ್ಣ ಎರಡೂ ಹೊಂದಿತ್ತು. ಸಂಜೆದು ಹೊಂದಲಿಲ್ಲ, ಅದು ನಮ್ಮಿಂದಾನೇ. ಎಷ್ಟು ಒಳ್ಳೇ ಜಾಗ ಅದು." ಸ್ವಲ್ಪ ಹೊತ್ತಿನ ಮೇಲೆ, "ಸೋಮವಾರ ನಮ್ಮ ಕಾರ್ಖಾನೆಯವರಿಗೆ ಬರ್ತೀನಿ ಅಂತ ಹೇಳಿಬಿಡ್ತೀನಿ. ತಿಂಗಳಿಗೊಂದ್ಸಲ ರೈಲು ಹತ್ತಿ ಬರ್ತೀನಿ" ಎಂದಳು. ಅಜ್ಜಿ ಕಿಟಕಿಯ ಪರದೆಯನ್ನು ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು.

ಶುಕ್ರವಾರ ಬೆಳಗ್ಗೆ ಅಮ್ಮನ ಹೊತ್ತು ಖಾಲಿಯಾಗಿತ್ತು. ಹುಡುಕಲು ಏನೂ ಉಳಿದಿರಲಿಲ್ಲ. ಮೂವರೂ ಚಹಾ ಮುಂದಿಟ್ಟುಕೊಂಡು ಕೂತಿದ್ದಾಗ ಫೋನು ಹೊಡೆದುಕೊಂಡಿತು. ಅಮ್ಮ ಎತ್ತಿದ ಕೂಡಲೇ ಆ ಕಡೆಯಿಂದ ಟ್ರಿಣ್ ಎಂಬ ಸದ್ದು ಮೇಜಿನ ಈ ಬದಿಗೂ ಕೇಳಿಸಿತು.

"ಮೇಡಂ, ನಾನು ಗೇಟಿನ ಮುಂದೆ ನಿಂತಿದೀನಿ. ಬೆಲ್ಲು ಸೈಕಲ್ಲಿಂದು. ಬಿಸಿಲು ಬಿತ್ತು."

"ಹೇಗಿದೆ ಸಾರ್?"

"ಪಾಲಾದ ಅಣ್ಣತಮ್ಮಂದಿರ ಹಾಗಿದೆ. ಒಬ್ಬ ಆ ಕಡೆ, ಒಬ್ಬ ಈ ಕಡೆ." ಈಗ ಅವರು ನಕ್ಕರು. "ನಮ್ಮ ಸೈಕಲ್ಲಿನದೂ ಇದೇ ರೋಗ. ಅಂಗಡಿಯಲ್ಲಿ ಚೌಕಟ್ಟು, ಮಡ್‌ಗಾರ್ಡು ಒಂದೇ ಬಣ್ಣ. ಗಿರಾಕಿ ಬೀದಿಗೆ ತಂದ ತಕ್ಷಣ ಎರಡು. ನಿಮ್ಮ ಶಿಷ್ಯೆ ಹೇಳ್ತಾನೇ ಇದಾಳೆ, ನಾನು ಅಂಗೈ ಮೇಲೆ ಬರ್ಕೊಂಡು ಕೈ ತೊಳ್ಕೊಳ್ತಾನೇ ಇದೀನಿ. ನಾಳೆ ಬರ್ತೀರಾ? ನೀವು ನಮ್ಮನ್ನ ನೋಡಿದ್ದಾಯ್ತು. ಈಗ ನಾವು ನಿಮ್ಮನ್ನ ಬೆಳಗ್ಗೆ, ಮಧ್ಯಾಹ್ನ, ಸಂಜೆ ನೋಡ್ಬೇಕು."

"ಸಂಜೆ ನಾನು ಸ್ವಲ್ಪ ಸಿಡುಕಿ" ಎಂದಳು ಅಮ್ಮ, ಪ್ರಾಮಾಣಿಕವಾಗಿ.

"ಸ್ವಲ್ಪ ಅಲ್ಲ!" ಎಂದು ಅಜ್ಜಿ ಮೇಜಿನಾಚೆಯಿಂದ ಕೂಗಿದಳು.

"ಅದು ತಪಾಸಣೆ ಅಧಿಕಾರಿಗಳ ದನಿ ಅಲ್ವಾ? ಅವರನ್ನೂ ಕರ್ಕೊಂಡು ಬನ್ನಿ."

ಶನಿವಾರ ಇಡೀ ದಿನ ಅಮ್ಮ ಅಲ್ಲಿದ್ದಳು. ಬೆಳಗ್ಗೆ ಬೆರೆಸುವ ಕೋಣೆಯಲ್ಲಿ, ಮಧ್ಯಾಹ್ನ ಮರದ ಕೆಳಗೆ. ಸಂಜೆ ಅವಳು ಸಿಡುಕಿದಳಂತೆ ಕೂಡ, ಅದೂ ಸಾಹೇಬರ ಮೇಲೆಯೇ, ಬೆರೆಸುವ ಕೋಣೆಯ ಕಿಟಕಿಗೆ ಬೀರು ಅಡ್ಡ ಇಟ್ಟಿದ್ದಕ್ಕೆ. ಅವರು ತಲೆ ಕೆರೆದುಕೊಂಡು, ಈ ಸಲ ಅಂಗೈಯನ್ನು ಬಿಟ್ಟು, ತಾವೇ ಬೀರುವಿನ ಒಂದು ತುದಿ ಹಿಡಿದು ಪಕ್ಕಕ್ಕೆ ಎಳೆದರಂತೆ. ಮನೆಗೆ ಬಂದವಳು ಸಾಹೇಬರು ಕೊಟ್ಟ ಕೆಲಸದ ಪತ್ರವನ್ನು ಮೊದಲು ಕಿಟಕಿಯ ಬಳಿ ಉಳಿದಿದ್ದ ಹಗಲಿನಲ್ಲಿ, ಆಮೇಲೆ ಟ್ಯೂಬ್‌ಲೈಟಿನ ಕೆಳಗೆ, ಕೊನೆಗೆ ಅಜ್ಜಿಯ ಮಂಚದ ಬದಿಯ ಹಳದಿ ಬಲ್ಬಿನ ಕೆಳಗೆ ಹಿಡಿದು ಓದಿದಳು. ಓದಿ, "ಹೂಂ" ಎಂದಳು.

ಸೋಮವಾರ ಅವಳು ಹಳೆಯ ಕಾರ್ಖಾನೆಯವರಿಗೆ ಬರುವುದಿಲ್ಲ ಎಂದು ಹೇಳಿದಳು. ಹಸಿರು ಸರಿಯಾಗುವ ತನಕ ಇದ್ದು ಹೋಗುತ್ತೇನೆ ಎಂದೂ ಹೇಳಿದಳು. ಮಾವ ಬಂದು, ಎಲ್ಲ ತನ್ನ ಸಲಹೆಯಿಂದಲೇ ಆಯಿತೆಂಬ ಹಾಗೆ ಚಹಾ ಕುಡಿದ. ಕುಡಿಯುವ ಮೊದಲು ಮಾತ್ರ ಒಂದು ತೊಟ್ಟು ರುಚಿ ನೋಡಿದ.

ಆ ಗೇಟನ್ನು ಮತ್ತೆ ಬಳಿಯಲು ಅಮ್ಮ ಬಿಟ್ಟಿಲ್ಲ. ಬೆರೆಸುವ ಕೋಣೆಗೆ ಹೊಸದಾಗಿ ಸೇರಿದವರನ್ನು ಮೊದಲ ದಿನ ಬಿಸಿಲಿಗೆ ಕರೆತಂದು ಅದರ ಎದುರು ನಿಲ್ಲಿಸುತ್ತಾಳೆ. ಅಜ್ಜಿಗೆ ಮಂಡಿ ನೋಯದ ದಿನ ನಾವಿಬ್ಬರೂ ಎದುರಿನ ಬೆಂಚಿನಲ್ಲಿ ಚಹಾ ಕುಡಿಯುತ್ತೇವೆ. ಕಾವಲುಗಾರ ಹಾಡು ನಿಲ್ಲಿಸದೆಯೇ ರಸ್ತೆಯಾಚೆಯಿಂದ ಕಾಲು ಅಪ್ಪಳಿಸಿ ಸಲಾಮು ಹೊಡೆಯುತ್ತಾನೆ.

"ಅಮ್ಮಾ, ಈಗಲಾದ್ರೂ ಹೇಳಿ. ಯಾವ ಇಲಾಖೆ?"

ಅಜ್ಜಿ ಕಪ್ಪು ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡು, ಕೋಲನ್ನು ಮೆಲ್ಲನೆ ಕುಟ್ಟಿ, ಇನ್ನೊಂದು ಚಹಾ ಹೇಳುತ್ತಾಳೆ.